ವಿದ್ಯಾರ್ಥಿನಿ ನನಗೆ ಹೇಳಿದ ಮಾತು ಡೀನ್ ಮೇಜಿಗೆ ಹೋಗಬೇಕೇ?

ತುಂಗೆಯ ದಡ
ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ, ಮದುವೆಯ ನಂತರ ಅಮೆರಿಕಕ್ಕೆ ಬಂದೆ. ಆರು ವರ್ಷ ಇಲ್ಲಿನ ಪ್ರಾಸಿಕ್ಯೂಟರ್ (ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರ) ಕಚೇರಿಯೊಂದರಲ್ಲಿ ಅಪರಾಧ ಸಂತ್ರಸ್ತರ ಜೊತೆ ನಿಲ್ಲುವ ಕೆಲಸ ಮಾಡಿದೆ. ಇದಕ್ಕೆ ಇಲ್ಲಿ ವಿಕ್ಟಿಮ್ ಅಡ್ವೊಕೇಟ್ ಎನ್ನುತ್ತಾರೆ. ಎಂಟು ತಿಂಗಳಿಂದ ಒಂದು ಧಾರ್ಮಿಕ ವಿಶ್ವವಿದ್ಯಾಲಯದಲ್ಲಿ ಅದೇ ಹುದ್ದೆಯಲ್ಲಿದ್ದೇನೆ. ಯಾವುದೆಂದು ದಯವಿಟ್ಟು ಕೇಳಬೇಡಿ.

ಲೈಂಗಿಕ ದೌರ್ಜನ್ಯ, ಹಿಂಬಾಲಿಸಿ ಕಾಡುವುದು, ಗೆಳೆಯನ ಹೊಡೆತ, ಕಳ್ಳತನ, ಏನೇ ಆಗಿದ್ದರೂ ವಿದ್ಯಾರ್ಥಿಗಳು ನನ್ನ ಬಳಿ ಬರಬಹುದು. ಆಸ್ಪತ್ರೆಗೆ ಜೊತೆಗೆ ಹೋಗುತ್ತೇನೆ, ಪೊಲೀಸರಿಗೆ ದೂರು ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ತರಗತಿ ಅಥವಾ ಹಾಸ್ಟೆಲ್ ಬದಲಾಯಿಸಲು ಓಡಾಡುತ್ತೇನೆ, ನ್ಯಾಯಾಲಯದಿಂದ ರಕ್ಷಣಾ ಆದೇಶ ಬೇಕಿದ್ದರೆ ಅರ್ಜಿ ತುಂಬಲು ಪಕ್ಕದಲ್ಲಿ ಕೂರುತ್ತೇನೆ. ತೀರ್ಮಾನ ಮಾತ್ರ ಯಾವಾಗಲೂ ಅವರದು.

ಸಮಸ್ಯೆ ಏನೆಂದರೆ, ನಮ್ಮಲ್ಲಿ ಪ್ರತಿ ವಿದ್ಯಾರ್ಥಿಯೂ ನಡತೆಯ ಪ್ರತಿಜ್ಞೆಗೆ ಸಹಿ ಹಾಕಿರುತ್ತಾರೆ. ಮದ್ಯ ಕೂಡದು, ಮದುವೆಗೆ ಮುನ್ನ ದೇಹಸಂಬಂಧ ಕೂಡದು, ರಾತ್ರಿ ಹುಡುಗರ ಕೋಣೆಯಲ್ಲಿ ಹುಡುಗಿಯರು ಇರಕೂಡದು. ಆ ನಿಯಮ ಜಾರಿ ಮಾಡುವ ಕಚೇರಿಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ಒಳಗೆ ಬರುವವರೆಲ್ಲ ಮೊದಲು ಆ ಗೋಡೆಯತ್ತ ನೋಡುತ್ತಾರೆ. ಕಳೆದ ಗುರುವಾರ ನರ್ಸಿಂಗ್ ಎರಡನೆಯ ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತು, "ಇಲ್ಲಿ ಹೇಳಿದ್ದು ಪಕ್ಕದ ಕೋಣೆಗೆ ಹೋಗುತ್ತದೆಯೇ?" ಎಂದು ಕೇಳಿದಳು. ಇಲ್ಲ ಎಂದೆ. ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು.

ಈಗ ಡೀನ್ ಪ್ರತಿ ತಿಂಗಳು ಒಂದು ಪಟ್ಟಿ ಬೇಕು ಎನ್ನುತ್ತಿದ್ದಾರೆ. ಯಾವ ವಿಭಾಗದವರು ಬಂದರು, ಯಾವ ಹಾಸ್ಟೆಲ್, ಮದ್ಯ ಸೇವಿಸಿದ್ದರೇ ಎಂಬುದೆಲ್ಲ ಅದರಲ್ಲಿರಬೇಕಂತೆ. ಹೆಸರು ಬೇಡವಂತೆ. ಆದರೆ ನಮ್ಮದು ಚಿಕ್ಕ ಕ್ಯಾಂಪಸ್. ವಿಭಾಗ, ಹಾಸ್ಟೆಲ್ ಎರಡು ಗೊತ್ತಾದರೆ ಹೆಸರು ಗೊತ್ತಾದಂತೆಯೇ. ಹೋರಾಡಲೇ, ಕೆಲಸ ಬಿಡಲೇ? ಇಂತಹ ಕಡೆ ದುಡಿದವರು ಹೇಳಿ.

ಹಾಸನದ ವಕೀಲೆ
ಮೊದಲು ಒಂದು ಮಾತು, ಬೇಸರಿಸಬೇಡಿ. ಆ ಹುಡುಗಿಯ ವಾರ, ವಿಭಾಗ, ವರ್ಷ ಎಲ್ಲವನ್ನೂ ನೀವೇ ಇಲ್ಲಿ ಬರೆದುಬಿಟ್ಟಿದ್ದೀರಿ. ಡೀನ್ ಕೇಳಿದ ಪಟ್ಟಿಯಲ್ಲಿ ಇರುವುದೂ ಅದೇ ಅಲ್ಲವೇ?

ತುಂಗೆಯ ದಡ
ಮೇಡಂ, ವಾರವೂ ವಿಭಾಗವೂ ನಿಜವಲ್ಲ, ಬರೆಯುವಾಗಲೇ ಬದಲಿಸಿದ್ದೆ. ಹಾಗಿದ್ದರೂ ನೀವು ಹೇಳಿದ್ದು ಸರಿ. ಅವಳೇ ಓದಿದರೆ ಇದು ನಾನೇ ಎಂದುಕೊಂಡಾಳು. ಪೋಸ್ಟ್ ತಿದ್ದಲು ಸಮಯ ಮೀರಿದೆ, ನಿರ್ವಾಹಕರಿಗೆ ಬರೆದಿದ್ದೇನೆ. ಇನ್ನು ಮುಂದೆ ಯಾರ ಪ್ರಸಂಗವನ್ನೂ ತರುವುದಿಲ್ಲ.

ಸಾಲ್ಟ್ ಲೇಕ್ ಕನ್ನಡಿಗ
ಅಕ್ಕಾ, ನೀವು ಹೇಳಿದ ಗೋಡೆಯ ಕಥೆ ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಗೊತ್ತು. ಯೂಟಾದ ಪ್ರೊವೊ ಊರಿನಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯವಿದೆ, ಮಾರ್ಮನ್ನರೆಂದು ನಾವು ಕರೆಯುವ ಸಭೆಯದು. ಅಲ್ಲಿನ ಆನರ್ ಕೋಡ್, ಅಂದರೆ ನಡತೆ ನಿಯಮ, ಬಹಳ ಬಿಗಿ. 2016ರಲ್ಲಿ ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಮುಂದೆ ಬಂದು, "ಅತ್ಯಾಚಾರದ ದೂರು ಕೊಟ್ಟರೆ ನಮ್ಮ ಮೇಲೆಯೇ ನಡತೆಯ ತನಿಖೆ ನಡೆಯಿತು" ಎಂದು ಬಹಿರಂಗವಾಗಿ ಹೇಳಿದರು. ಸಾಲ್ಟ್ ಲೇಕ್ ಟ್ರಿಬ್ಯೂನ್ ಪತ್ರಿಕೆ ಅದರ ಬೆನ್ನು ಹತ್ತಿತು. ಅದೇ ವರ್ಷ ಪುಲಿಟ್ಜರ್ ಪತ್ರಿಕಾ ಪ್ರಶಸ್ತಿ ಕೂಡ ಬಂತು.

ವಿಶ್ವವಿದ್ಯಾಲಯ ಒಂದು ಸಮಿತಿ ಮಾಡಿತು. ಅಕ್ಟೋಬರ್‌ನಲ್ಲಿ ಅದು 23 ಶಿಫಾರಸುಗಳನ್ನು ಕೊಟ್ಟಿತು. ದೂರು ಕೊಟ್ಟವರ ಮೇಲೆ ಆ ಹೊತ್ತಿನ ನಿಯಮಭಂಗಕ್ಕಾಗಿ ಕ್ರಮ ಕೂಡದು, ಟೈಟಲ್ ನೈನ್ (ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ ಕಾನೂನು) ಕಚೇರಿಯನ್ನು ಆನರ್ ಕೋಡ್ ಕಚೇರಿಯಿಂದ ದೂರಕ್ಕೆ ಸ್ಥಳಾಂತರಿಸಬೇಕು, ಸಂತ್ರಸ್ತರಿಗಾಗಿ ಅಡ್ವೊಕೇಟ್ ಒಬ್ಬರನ್ನು ನೇಮಿಸಬೇಕು. ನಿಮ್ಮ ಹುದ್ದೆ, ನಿಮ್ಮ ಗೋಡೆ, ಎರಡೂ ಆ ಪಟ್ಟಿಯಲ್ಲಿವೆ ನೋಡಿ. ವಿಶ್ವವಿದ್ಯಾಲಯ ಎಲ್ಲ 23ನ್ನೂ ಒಪ್ಪಿಕೊಂಡಿತು.

ಪತ್ರಿಕೆ ಓದುಗ
ಸಣ್ಣ ತಿದ್ದುಪಡಿ. ಪುಲಿಟ್ಜರ್ ಬಂದದ್ದು 2017ರಲ್ಲಿ, ಸ್ಥಳೀಯ ವರದಿಗಾರಿಕೆ ವಿಭಾಗದಲ್ಲಿ. ಕ್ರಮದಿಂದ ವಿನಾಯಿತಿ ಕೊಡುವ ನೀತಿ ಅಂತಿಮ ರೂಪ ಪಡೆದದ್ದೂ 2017ರ ಜೂನ್‌ನಲ್ಲಿ.

ಸಾಲ್ಟ್ ಲೇಕ್ ಕನ್ನಡಿಗ
ಹೌದು, ನನ್ನದೇ ತಪ್ಪು. ಧನ್ಯವಾದ.

ಮೈಸೂರು ಸೊಸೆ
ಅಲ್ಲಿ ಕಾಫಿ, ಚಹಾ ಕೂಡ ನಿಷಿದ್ಧ ಎಂದು ಕೇಳಿದ್ದೇನೆ, ನಿಜವೇ?

ಸಾಲ್ಟ್ ಲೇಕ್ ಕನ್ನಡಿಗ
ನಿಜ. ಅವರ ಧರ್ಮದ ಆಹಾರ ನಿಯಮದಲ್ಲಿ ಎರಡೂ ಇಲ್ಲ, ಕೋಡ್‌ನಲ್ಲೂ ಅದೇ ಇದೆ. ನನ್ನ ಪಕ್ಕದ ಮನೆಯವರು ಅದೇ ಸಭೆಯವರು. ನಾವು ಮನೆ ಬದಲಿಸಿದ ದಿನ ಸಾಮಾನು ಹೊರಲು ಕರೆಯದೆಯೇ ಬಂದಿದ್ದರು. ಒಳ್ಳೆಯ ಜನರ ನಡುವೆಯೂ ಇಂಥದ್ದು ನಡೆಯುತ್ತದೆ ಎಂಬುದೇ ನನಗೆ ಅರಗಿಸಿಕೊಳ್ಳಲು ಕಷ್ಟವಾದದ್ದು.

ನೇರ ಮಾತು
ನಾನು ಒಪ್ಪುವುದಿಲ್ಲ. ಧಾರ್ಮಿಕ ಸಂಸ್ಥೆ ಎಂದು ಗೊತ್ತಿದ್ದೇ ಸೇರಿದ್ದಾರೆ, ನಿಯಮ ಓದಿಯೇ ಸಹಿ ಹಾಕಿದ್ದಾರೆ. ನಮ್ಮ ಮಠದ ಹಾಸ್ಟೆಲ್‌ನಲ್ಲಿ ಓದಿದವನು ನಾನು. ಬೆಳಗ್ಗೆ ಐದಕ್ಕೆ ಏಳದಿದ್ದರೆ ಊಟವಿಲ್ಲ ಎಂದರೆ ಇಲ್ಲ. ಆ ಶಿಸ್ತಿನಿಂದಲೇ ನಾನು ಇಂದು ಮನುಷ್ಯನಾಗಿದ್ದೇನೆ. ಮದ್ಯ ಕುಡಿದದ್ದು ತಪ್ಪು, ಅವಳ ಮೇಲೆ ನಡೆದದ್ದೂ ತಪ್ಪು. ಎರಡನ್ನೂ ವಿಚಾರಿಸಲಿ. ಜೊತೆಗೆ, ಆರೋಪ ಸುಳ್ಳಾಗಿದ್ದರೆ ಆ ಹುಡುಗನ ಗತಿ ಏನು? ಅವನಿಗೆ ಅಡ್ವೊಕೇಟ್ ಯಾರು?

ಕಾಸರಗೋಡಿನ ನರ್ಸ್
ಎರಡನ್ನೂ ವಿಚಾರಿಸಲಿ ಎನ್ನುತ್ತೀರಲ್ಲ ಸರ್, ಹಾಗಾದರೆ ತಮ್ಮ ಮೇಲೆ ನಡೆದದ್ದನ್ನು ಹೇಳಲು ಯಾರೂ ಬರುವುದೇ ಇಲ್ಲ. ಟೆಕ್ಸಾಸ್‌ನಲ್ಲಿ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದಿದ್ದೇನೆ, ಲೈಂಗಿಕ ದೌರ್ಜನ್ಯದ ಪರೀಕ್ಷೆ ಮಾಡುವ ತರಬೇತಿಯೂ ಆಗಿದೆ. ಸಾಕ್ಷ್ಯ ದೇಹದ ಮೇಲೆ ಬಹಳ ದಿನ ಉಳಿಯುವುದಿಲ್ಲ. ಹಲವು ರಾಜ್ಯಗಳಲ್ಲಿ 120 ಗಂಟೆಗಳವರೆಗೆ ಸಂಗ್ರಹಿಸುತ್ತೇವೆ, ಬೇಗ ಬಂದಷ್ಟೂ ಒಳ್ಳೆಯದು. ಆ ಗಂಟೆಗಳನ್ನು ಹೆದರಿಕೆ ತಿಂದುಹಾಕುತ್ತದೆ. ಐದನೆಯ ದಿನ ಬಂದು, ಸ್ನಾನ ಮಾಡಿ ಬಟ್ಟೆ ಒಗೆದುಬಿಟ್ಟೆ ಎಂದು ತಲೆ ತಗ್ಗಿಸುವವರನ್ನು ನೋಡಿದ್ದೇನೆ. ಅವರಿಗೆ ಅತ್ಯಾಚಾರಿಯ ಭಯಕ್ಕಿಂತ ಕಾಲೇಜಿನಿಂದ ಹೊರಹಾಕುತ್ತಾರೆಂಬ ಭಯವೇ ಹೆಚ್ಚಾಗಿತ್ತು.

ಓದುತ್ತಿರುವವರಿಗಾಗಿ ಎರಡು ವಿಷಯ ಹೇಳಿಬಿಡುತ್ತೇನೆ. ಪರೀಕ್ಷೆ ಮಾಡಿಸಿಕೊಳ್ಳಲು ಪೊಲೀಸ್ ದೂರು ಕಡ್ಡಾಯವಲ್ಲ, ಸಾಕ್ಷ್ಯ ಸಂಗ್ರಹದ ವೆಚ್ಚವನ್ನು ಸಂತ್ರಸ್ತರಿಂದ ವಸೂಲಿ ಮಾಡುವಂತಿಲ್ಲ. ಇದು ದೇಶದಾದ್ಯಂತ ಇರುವ ಕಾನೂನು. ಇನ್ನೊಂದು, ಬೇರೆ ಚಿಕಿತ್ಸೆಗೆ ತಂದೆ ತಾಯಿಯ ವಿಮೆ ಬಳಸಿದರೆ ವಿವರದ ಕಾಗದ ಮನೆಗೆ ಹೋಗಬಹುದು. ಮೊದಲೇ ಆಸ್ಪತ್ರೆಯಲ್ಲಿ ಕೇಳಿ.

ತುಂಗೆಯ ದಡ
ನರ್ಸಕ್ಕಾ, ವಿಮೆಯ ಕಾಗದದ ವಿಷಯ ನೀವು ಹೇಳಿದ್ದು ಬಹಳ ಒಳ್ಳೆಯದಾಯಿತು. ಅದನ್ನು ನಾನು ಈಗ ಮೊದಲ ಭೇಟಿಯಲ್ಲೇ ಹೇಳುತ್ತೇನೆ.

ನೇರ ಮಾತು ಅವರಿಗೆ: ಆರೋಪ ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಅದಕ್ಕೆ ತನಿಖಾಧಿಕಾರಿ ಬೇರೆ, ವಿಚಾರಣೆ ನಡೆಸುವವರು ಬೇರೆ. ಆರೋಪಿಗೂ ತನಗೆ ಬೇಕಾದ ಸಲಹೆಗಾರರನ್ನು ಕರೆತರುವ ಹಕ್ಕಿದೆ. 2020ರ ಟೈಟಲ್ ನೈನ್ ನಿಯಮದ ಪ್ರಕಾರ ಆ ಸಲಹೆಗಾರರು ದೂರುದಾರರನ್ನು ನೇರವಾಗಿ ಪಾಟೀಸವಾಲು ಮಾಡಬಹುದು. 2024ರಲ್ಲಿ ಹೊಸ ನಿಯಮ ಬಂತು, 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ನ್ಯಾಯಾಲಯ ಅದನ್ನು ರದ್ದು ಮಾಡಿತು, ಮತ್ತೆ 2020ರದ್ದೇ ನಡೆಯುತ್ತಿದೆ. ಆರೋಪಿಯನ್ನು ಯಾರೂ ಕೈಬಿಟ್ಟಿಲ್ಲ. ನಿಮ್ಮ ಹಾಸ್ಟೆಲ್ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ರಾತ್ರಿ ಹೊರಗೆ ಹೋಗಿದ್ದ ಹುಡುಗನನ್ನು ಯಾರೋ ಚಾಕುವಿನಿಂದ ಇರಿದಿದ್ದರೆ, ಹಾಸ್ಟೆಲ್‌ನವರು ಮೊದಲು ರಕ್ತ ನಿಲ್ಲಿಸುತ್ತಿದ್ದರೇ, ಅನುಮತಿ ಚೀಟಿ ಕೇಳುತ್ತಿದ್ದರೇ?

ನೇರ ಮಾತು
ರಕ್ತವೇ ನಿಲ್ಲಿಸುತ್ತಿದ್ದರು. ಚೀಟಿಯನ್ನು ಆಮೇಲೆ ಖಂಡಿತ ಕೇಳುತ್ತಿದ್ದರು.

ಧಾರವಾಡದ ಮೇಷ್ಟ್ರು
ಮೂಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಒಂದು ಪದದ ಗೊಂದಲವಿದೆ. ಅಡ್ವೊಕೇಟ್ ಎಂದರೆ ನಮ್ಮವರಿಗೆ ಕರಿಕೋಟಿನ ವಕೀಲರೇ ಕಣ್ಣಮುಂದೆ ಬರುತ್ತಾರೆ. ತಂಗಿ, ನಿಮ್ಮ ಊರಿನವರಿಗೆ ಕೆಲಸ ಏನೆಂದು ಹೇಳುತ್ತೀರಿ? ಕನ್ನಡದಲ್ಲಿ ‘ಒತ್ತಾಸೆ’ ಎಂಬ ಮಾತಿದೆ. ಕಷ್ಟದಲ್ಲಿರುವವರಿಗೆ ಒತ್ತಾಸೆಯಾಗಿ ನಿಲ್ಲುವುದು. ‘ಒತ್ತಾಸೆಗಾರ್ತಿ’ ಎನ್ನಬಹುದೇ?

ಹಾಸನದ ವಕೀಲೆ
ಚೆನ್ನಾಗಿದೆ ಮೇಷ್ಟ್ರೇ. ಪತ್ರಿಕೆಗಳು ಹಿಂದೆ ‘ಬಲಿಪಶು’ ಎಂದು ಬರೆಯುತ್ತಿದ್ದವು, ಈಗ ‘ಸಂತ್ರಸ್ತೆ’ ಬಂದಿದೆ. ಅದೂ ನನಗೆ ಪೂರ್ತಿ ಒಗ್ಗಿಲ್ಲ. ನನ್ನ ಕಕ್ಷಿದಾರಳೊಬ್ಬಳು, "ನನ್ನನ್ನು ದೂರುದಾರಳು ಎನ್ನಿ ಮೇಡಂ, ಅದರಲ್ಲಿ ನಾನು ಏನೋ ಮಾಡುತ್ತಿದ್ದೇನೆ ಎಂದಿದೆ" ಎಂದಿದ್ದಳು.

ಹೆಸರು ಬೇಡ
‘ಸಂತ್ರಸ್ತೆ’ ಎಂದೇ ಎಲ್ಲರೂ ಬರೆಯುತ್ತಿದ್ದೀರಿ. ಗಂಡಸರೂ ಇದ್ದೇವೆ.

ತುಂಗೆಯ ದಡ
ತಿದ್ದಿಕೊಳ್ಳುತ್ತೇನೆ. ನನ್ನ ಕೋಣೆಗೆ ಹುಡುಗರೂ ಬರುತ್ತಾರೆ. ಧಾರ್ಮಿಕ ಕ್ಯಾಂಪಸ್‌ನಲ್ಲಿ ಅವರಿಗೆ ಇನ್ನೊಂದು ಕಷ್ಟವಿದೆ. ತನ್ನ ಮೇಲೆ ನಡೆದ ದೌರ್ಜನ್ಯವನ್ನು ಹೇಳಿದರೆ ತನ್ನನ್ನೇ ಸಲಿಂಗಿ ಎಂದು ವಿಚಾರಣೆಗೆ ಎಳೆಯುತ್ತಾರೇನೋ ಎಂಬ ಭಯ. ಯಾವಾಗಲಾದರೂ ಮಾತನಾಡಬೇಕೆನಿಸಿದರೆ ಖಾಸಗಿ ಸಂದೇಶ ಕಳುಹಿಸಿ. ಮಾತನಾಡಲೇಬೇಕೆಂದಿಲ್ಲ.

ಹೆಸರು ಬೇಡ
ಧನ್ಯವಾದ.

ನೇತ್ರಾವತಿ
ನಾನು ಮಂಗಳೂರಿನ ಕ್ಯಾಥೊಲಿಕ್. ನಮ್ಮಲ್ಲಿ ಪಾಪನಿವೇದನೆ ಕೇಳಿದ ಗುರುಗಳು ಅದನ್ನು ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ. ಅದು ಧರ್ಮದ ಕಟ್ಟಳೆ. ಹಾಗಿರುವಾಗ ಧಾರ್ಮಿಕ ವಿಶ್ವವಿದ್ಯಾಲಯವೇ ಗುಟ್ಟು ಕಾಪಾಡುವುದರ ಬೆಲೆಯನ್ನು ಅರಿಯದಿದ್ದರೆ ಹೇಗೆ? ಡೀನ್ ಬಳಿ ಕಾನೂನಿನ ಭಾಷೆಯ ಜೊತೆಗೆ ಈ ಭಾಷೆಯಲ್ಲಿಯೂ ಮಾತನಾಡಿ ಅಕ್ಕಾ. ಪಾಪ ಮಾಡಿದವನ ಮಾತಿಗೆ ಅಷ್ಟು ಮರ್ಯಾದೆ ಇದ್ದರೆ, ಗಾಯಗೊಂಡವಳ ಮಾತಿಗೆ ಎಷ್ಟಿರಬೇಕು?

ತುಂಗೆಯ ದಡ
ಈ ಮಾತನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಲ್ಲಿನ ಕಾನೂನೂ ಗುರುಗಳಿಗೆ ಆ ರಕ್ಷಣೆ ಕೊಡುತ್ತದೆ. ಆಪ್ತ ಸಲಹೆ ಕೊಡುವ ಪಾದ್ರಿಗಳು, ವೃತ್ತಿಪರ ಸಮಾಲೋಚಕರು ಆ ಪಾತ್ರದಲ್ಲಿ ಕೇಳಿದ್ದನ್ನು ಕ್ಲೆರಿ ಕಾಯ್ದೆಯಡಿ ವರದಿ ಮಾಡಬೇಕಿಲ್ಲ. ನನ್ನಂಥವರ ಸ್ಥಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 40 ಗಂಟೆಗಳ ತರಬೇತಿ ಮುಗಿಸಿದ ಲೈಂಗಿಕ ದೌರ್ಜನ್ಯ ಸಮಾಲೋಚಕರ ಬಳಿ ಆಡಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. ಪ್ರಾಸಿಕ್ಯೂಟರ್ ಕಚೇರಿಯಲ್ಲಿ ನನಗೆ ಅದು ಇರಲಿಲ್ಲ. ಕೇಳಿದ್ದರಲ್ಲಿ ಆರೋಪಿಗೆ ಅನುಕೂಲವಾಗುವ ಅಂಶವಿದ್ದರೆ ಅದು ಅವನ ವಕೀಲರಿಗೆ ತಲುಪಲೇಬೇಕಿತ್ತು. ಅದನ್ನು ಮೊದಲೇ ಹೇಳಿ, ಆಮೇಲೆ ಮಾತು ಶುರು ಮಾಡುತ್ತಿದ್ದೆ. ಯಾರೂ ಬೇಸರಿಸಿಕೊಳ್ಳುತ್ತಿರಲಿಲ್ಲ. ತನ್ನ ಮಾತು ಎಲ್ಲಿಯವರೆಗೆ ಹೋಗುತ್ತದೆ ಎಂದು ಗೊತ್ತಿದ್ದರೆ ಎಷ್ಟು ಹೇಳಬೇಕೆಂಬುದನ್ನು ಅವರೇ ನಿರ್ಧರಿಸಿಕೊಳ್ಳುತ್ತಾರೆ. ಇಲ್ಲಿ ನಾನು "ಹೋಗುವುದಿಲ್ಲ" ಎಂದು ಹೇಳಿ ಆಮೇಲೆ ಪಟ್ಟಿ ಕೊಟ್ಟರೆ ಅದು ಮೋಸ.

ಹಾಸನದ ವಕೀಲೆ
ನಾನು ಅಮೆರಿಕದ ಕಾನೂನು ಓದಿದವಳಲ್ಲ. ಆದರೆ ಡೀನ್ ಯಾವ ಕಾನೂನಿನ ಹೆಸರಲ್ಲಿ ಪಟ್ಟಿ ಕೇಳುತ್ತಿದ್ದಾರೆ? ಅದನ್ನು ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಧೈರ್ಯವಾಗಿ ಹೇಳಿದ್ದನ್ನು ಕಾಗದದ ಮೇಲೆ ಬರೆಯುವಾಗ ಜನ ಎರಡು ಸಲ ಯೋಚಿಸುತ್ತಾರೆ.

ನಮ್ಮಲ್ಲಿಯೂ ಹೆಮ್ಮೆ ಪಡುವಂಥದ್ದು ಹೆಚ್ಚೇನಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಭಾರತದ 2013ರ ಕಾಯ್ದೆಯ 16ನೆಯ ಕಲಂ ದೂರುದಾರಳ ಗುರುತು ಬಹಿರಂಗಪಡಿಸಕೂಡದು ಎನ್ನುತ್ತದೆ. 2015ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳು ಪ್ರತಿ ಕಾಲೇಜಿನಲ್ಲಿ ಆಂತರಿಕ ಸಮಿತಿ ಇರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು ಎನ್ನುತ್ತವೆ. ಒಂದು ಧಾರ್ಮಿಕ ಟ್ರಸ್ಟ್‌ನ ಕಾಲೇಜಿನಲ್ಲಿ ನಾನು ಆ ಹೊರಗಿನ ಸದಸ್ಯೆ. ದೂರು ಬಂದ ಸಂಜೆಯೇ ಆಡಳಿತ ಮಂಡಳಿಯವರು ಫೋನ್ ಮಾಡಿ, "ಮೇಡಂ, ಹುಡುಗಿ ಯಾವ ಊರಿನವಳು, ಯಾರ ಮನೆಯವಳು?" ಎಂದು ಕೇಳಿದರು. ಹೇಳಲಿಲ್ಲ. ಮರುವರ್ಷ ನನ್ನನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಎಂದುಕೊಂಡಿದ್ದೆ, ಕರೆದರು.

ನಮ್ಮಲ್ಲಿ ಇಲ್ಲದಿರುವುದು ನಿಮ್ಮಂತಹ ಹುದ್ದೆ. ಸಮಿತಿ ವಿಚಾರಣೆ ಮಾಡುತ್ತದೆ, ಹಾಗಾಗಿ ಅದು ಯಾರ ಪಕ್ಕದಲ್ಲೂ ಕೂರುವಂತಿಲ್ಲ. ಹುಡುಗಿಯ ಪಕ್ಕದಲ್ಲಿ ಕೂರಲು ಪೋಕ್ಸೊ ಪ್ರಕರಣಗಳಲ್ಲಿ ‘ಬೆಂಬಲ ವ್ಯಕ್ತಿ’ ಇದ್ದಾರೆ, ಆದರೆ ಅದು ಹದಿನೆಂಟು ತುಂಬದವರಿಗೆ. ನೊಂದ ಮಹಿಳೆಯರಿಗೆ ಸಖಿ ಕೇಂದ್ರ, 181 ಸಹಾಯವಾಣಿ ಇವೆ. ಕಾಲೇಜಿನೊಳಗೆ ಯಾರೂ ಇಲ್ಲ.

ಎರಡು ಮಕ್ಕಳ ಅಪ್ಪ
ನನ್ನ ಮಗಳು ಈ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಎಂಎಸ್ ಓದಲು ಹೋಗುತ್ತಿದ್ದಾಳೆ. ಧಾರ್ಮಿಕ ವಿಶ್ವವಿದ್ಯಾಲಯವೇ, ವಾತಾವರಣ ಸುರಕ್ಷಿತ ಎಂದು ನಾವೇ ಆರಿಸಿದೆವು. ಇದನ್ನೆಲ್ಲ ಓದಿ ನಿದ್ದೆ ಬರುತ್ತಿಲ್ಲ. ಏನಾದರೂ ಆಗಿ ಅವಳು ತರಗತಿ ಬಿಟ್ಟರೆ ವೀಸಾ ಹೋಗುತ್ತದೆಯೇ?

ತುಂಗೆಯ ದಡ
ಅಣ್ಣಾ, ಮಗಳನ್ನು ಕಳುಹಿಸಿ, ಹೆದರಬೇಡಿ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ತರಗತಿ ಕಡಿಮೆ ಮಾಡಿಕೊಳ್ಳುವ ಮುನ್ನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ನಿಯೋಜಿತ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ವೈದ್ಯಕೀಯ ಕಾರಣಕ್ಕೆ ಅದು ಸಿಗುತ್ತದೆ, ಪತ್ರ ಬೇಕು. ಕೇಳದೆ ಬಿಟ್ಟರೆ ಮಾತ್ರ ತೊಂದರೆ. ಹಾಗೆ ಪತ್ರ ತರಿಸುವುದು ನನ್ನಂಥವರ ಕೆಲಸವೇ. ಪೊಲೀಸರಿಗೆ ನೆರವಾಗುವ ಅಪರಾಧ ಸಂತ್ರಸ್ತರಿಗಾಗಿ ಯು ವೀಸಾ ಎಂಬುದೂ ಇದೆ, ಆದರೆ ವರ್ಷಕ್ಕೆ 10,000ದ ಮಿತಿ, ಕಾಯುವವರ ಸಾಲು ಬಹಳ ಉದ್ದ.

ಮಗಳಿಗೆ ಎರಡು ಕೆಲಸ ಹೇಳಿ. ವಿಶ್ವವಿದ್ಯಾಲಯದ ವಾರ್ಷಿಕ ಭದ್ರತಾ ವರದಿ ಓದಲಿ, ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಪ್ರಕಟಿಸಲೇಬೇಕು. ದೂರು ಕೊಟ್ಟವರಿಗೆ ನಡತೆ ನಿಯಮದಿಂದ ವಿನಾಯಿತಿ ಇದೆಯೇ ಎಂದು ನೋಡಲಿ. ಅದಕ್ಕಿಂತ ದೊಡ್ಡ ಕೆಲಸ ನಿಮ್ಮದು. ಏನೇ ಆದರೂ ಮೊದಲು ಅಪ್ಪನಿಗೆ ಹೇಳಬಹುದು, ಅಪ್ಪ ಬೈಯುವುದಿಲ್ಲ ಎಂಬುದು ಅವಳಿಗೆ ವಿಮಾನ ಹತ್ತುವ ಮೊದಲೇ ಗೊತ್ತಿರಲಿ.

ಎರಡು ಮಕ್ಕಳ ಅಪ್ಪ
ಇಂದು ರಾತ್ರಿಯೇ ಹೇಳುತ್ತೇನೆ.

ಮೈಸೂರು ಸೊಸೆ
ಕ್ಲೆರಿ ಕಾಯ್ದೆ ಎಂದರೆ ಏನು? ಎಲ್ಲರೂ ಹೇಳುತ್ತಿದ್ದೀರಿ.

ಪತ್ರಿಕೆ ಓದುಗ
1986ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ವಿದ್ಯಾರ್ಥಿನಿಯನ್ನು ಅಲ್ಲಿಯೇ ಓದುತ್ತಿದ್ದವನೊಬ್ಬ ಅತ್ಯಾಚಾರ ಮಾಡಿ ಕೊಂದ. ತಾನಾಗಿ ಬೀಗ ಬೀಳಬೇಕಿದ್ದ ಬಾಗಿಲುಗಳಿಗೆ ಯಾರೋ ಅಡ್ಡ ಇಟ್ಟು ತೆರೆದಿಟ್ಟಿದ್ದರು. ಕ್ಯಾಂಪಸ್‌ನಲ್ಲಿ ಅದಕ್ಕೂ ಮೊದಲು ನಡೆದಿದ್ದ ಅಪರಾಧಗಳ ವಿಷಯ ತಮಗೆ ಯಾರೂ ತಿಳಿಸಿರಲಿಲ್ಲ ಎಂದು ತಂದೆ ತಾಯಿ ಹೋರಾಡಿದರು. 1990ರಲ್ಲಿ ಕಾನೂನಾಯಿತು. ಫೆಡರಲ್ ಹಣಕಾಸು ನೆರವು ಪಡೆಯುವ ಕಾಲೇಜುಗಳೆಲ್ಲ ಅಪರಾಧಗಳ ಲೆಕ್ಕ ಪ್ರಕಟಿಸಬೇಕು. 2013ರ ತಿದ್ದುಪಡಿಯ ನಂತರ, ಪೊಲೀಸರಿಗೆ ದೂರು ಕೊಟ್ಟರೂ ಕೊಡದಿದ್ದರೂ ತರಗತಿ, ವಸತಿ ಬದಲಾವಣೆಯಂತಹ ನೆರವಿನ ವಿವರವನ್ನು ಲಿಖಿತವಾಗಿ ಕೊಡಬೇಕು.

ಧಾರ್ಮಿಕ ಸಂಸ್ಥೆಗಳಿಗೆ ಟೈಟಲ್ ನೈನ್‌ನಲ್ಲಿ ತಮ್ಮ ಧರ್ಮತತ್ತ್ವಕ್ಕೆ ವಿರುದ್ಧವಾದಷ್ಟರ ಮಟ್ಟಿಗೆ ವಿನಾಯಿತಿ ಇದೆ. ಕ್ಲೆರಿಯಲ್ಲಿ ಅಂಥ ಬಾಗಿಲಿಲ್ಲ. ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ 2024ರ ಮಾರ್ಚ್‌ನಲ್ಲಿ 1.4 ಕೋಟಿ ಡಾಲರ್ ದಂಡ ಬಿತ್ತು. ಕ್ಲೆರಿ ಕಾಯ್ದೆಯಡಿ ಅಲ್ಲಿಯವರೆಗಿನ ಅತಿ ದೊಡ್ಡ ದಂಡ ಅದು. ‘ಲಿಬರ್ಟಿ ವೇ’ ಎಂಬ ನಡತೆ ನಿಯಮದಡಿ ತಮಗೇ ಶಿಕ್ಷೆಯಾದೀತೆಂದು ಸಂತ್ರಸ್ತರು ದೂರು ಕೊಡಲು ಹೆದರುತ್ತಿದ್ದರು ಎಂಬುದೂ ಶಿಕ್ಷಣ ಇಲಾಖೆಯ ವರದಿಯಲ್ಲಿದೆ. ನಿಮ್ಮ ಡೀನ್ ಅದನ್ನು ಓದಿದ್ದಾರೆಯೇ?

ಕಾಸರಗೋಡಿನ ನರ್ಸ್
ಟೆಕ್ಸಾಸ್‌ನ ಬೇಲರ್ ಕೂಡ. ಬ್ಯಾಪ್ಟಿಸ್ಟರ ವಿಶ್ವವಿದ್ಯಾಲಯ. 2016ರಲ್ಲಿ ಅಧ್ಯಕ್ಷರ ಸ್ಥಾನವೇ ಹೋಯಿತು, ಫುಟ್‌ಬಾಲ್ ಕೋಚ್ ಕೆಲಸವೂ ಹೋಯಿತು. ಹೆಸರು ಉಳಿಸಲು ಮುಚ್ಚಿಟ್ಟರೆ ಕೊನೆಗೆ ಹೆಸರೇ ಹೋಗುತ್ತದೆ ಎಂದು ನಮ್ಮ ಆಸ್ಪತ್ರೆಯಲ್ಲಿ ಆಗ ಎಲ್ಲರೂ ಮಾತನಾಡಿಕೊಂಡಿದ್ದರು.

ನೇರ ಮಾತು
ಇಷ್ಟು ಓದಿದ ಮೇಲೆ ಒಂದು ಒಪ್ಪುತ್ತೇನೆ. ಮದ್ಯದ ವಿಷಯವನ್ನು ಆ ಪಟ್ಟಿಯಲ್ಲಿ ಕೇಳುವುದು ತಪ್ಪು. ಹಾಗೆಂದು ನಿಯಮವೇ ಬೇಡ ಎನ್ನುವವರ ಜೊತೆ ನಾನಿಲ್ಲ. ಆ ವಾತಾವರಣ ಬೇಕೆಂದೇ ಬರುವ ಮಕ್ಕಳಿದ್ದಾರೆ, ಅವರ ನಂಬಿಕೆಗೂ ಜಾಗ ಇರಲಿ.

ತುಂಗೆಯ ದಡ
ನಿಯಮ ಬೇಡ ಎಂದು ನಾನೂ ಎಲ್ಲೂ ಹೇಳಿಲ್ಲ ಸರ್. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಆ ಧರ್ಮವನ್ನು ಗಾಢವಾಗಿ ನಂಬುವವರು. "ದೇವರು ನನ್ನನ್ನು ಕ್ಷಮಿಸುತ್ತಾನೆಯೇ?" ಎಂಬುದನ್ನೇ ಮೊದಲು ಕೇಳುವವರಿದ್ದಾರೆ. ಅವರ ತಪ್ಪೇ ಇಲ್ಲದ ವಿಷಯಕ್ಕೆ! ನಾನು ಬೇರೆ ಧರ್ಮದವಳು. ಆಗ ನಾನು ನನ್ನ ಉತ್ತರ ಹೇಳುವುದಿಲ್ಲ, ಬೇಕೆಂದರೆ ಅವರಿಗೆ ನಂಬಿಕೆಯಿರುವ ಗುರುಗಳ ಬಳಿಗೆ ಜೊತೆಯಲ್ಲಿ ನಡೆದು ಹೋಗುತ್ತೇನೆ. ಅಂತಹ ಇಬ್ಬರು ಗುರುಗಳು ಈ ಕ್ಯಾಂಪಸ್‌ನಲ್ಲಿದ್ದಾರೆ. ಅವರಿಲ್ಲದಿದ್ದರೆ ನಾನು ಮೂರನೆಯ ತಿಂಗಳೇ ಬಿಟ್ಟು ಹೋಗುತ್ತಿದ್ದೆ.

ಸಾಲ್ಟ್ ಲೇಕ್ ಕನ್ನಡಿಗ
ಬಿಡಬೇಡಿ ಅಕ್ಕಾ. ನೀವು ಬಿಟ್ಟರೆ ಆ ಕುರ್ಚಿಯಲ್ಲಿ ಪಟ್ಟಿ ಕೊಡುವವರನ್ನೇ ಕೂರಿಸುತ್ತಾರೆ.

ಕಾಸರಗೋಡಿನ ನರ್ಸ್
ಬಿಡಬೇಡಿ ಎಂದು ಹೇಳುವುದು ಸುಲಭ. ಈ ಕೆಲಸ ರಾತ್ರಿ ಮನೆಗೂ ಹಿಂಬಾಲಿಸಿ ಬರುತ್ತದೆ. ತಂಗೀ, ನಿಮಗೆ ಒತ್ತಾಸೆ ಯಾರು? ಮೇಷ್ಟ್ರ ಪದವನ್ನೇ ಬಳಸಿ ಕೇಳುತ್ತಿದ್ದೇನೆ.

ತುಂಗೆಯ ದಡ
ಊರಿನಲ್ಲಿ ಅಮ್ಮ ಇದ್ದಾರೆ. ಏನೂ ಹೇಳುವುದಿಲ್ಲ, ಹೇಳುವಂತೆಯೂ ಇಲ್ಲ. ಫೋನ್ ಮಾಡಿ ಇಂದು ಏನು ಅಡುಗೆ ಎಂದು ಕೇಳುತ್ತೇನೆ. ಅಮ್ಮ ಅರ್ಧ ಗಂಟೆ ಹೇಳುತ್ತಾರೆ.

ತುಂಗೆಯ ದಡ
(ಹನ್ನೆರಡು ದಿನಗಳ ನಂತರ)
ಕೇಳಿದವರಿಗಾಗಿ. ವಕೀಲೆ ಮೇಡಂ ಹೇಳಿದಂತೆ ಪಟ್ಟಿಗೆ ಯಾವ ಕಾನೂನಿನ ಆಧಾರ ಎಂದು ಬರೆದು ಕೇಳಿದೆ. ತಿಂಗಳಿಗೆ ಒಟ್ಟು ಎಷ್ಟು ಜನ ಬಂದರು, ಯಾವ ಬಗೆಯ ಅಪರಾಧ, ಇಷ್ಟನ್ನು ಮಾತ್ರ ಕೊಡುತ್ತೇನೆ, ಸಂಖ್ಯೆ ತೀರಾ ಸಣ್ಣದಾದರೆ ಅದನ್ನೂ ಮೂರು ತಿಂಗಳಿಗೊಮ್ಮೆ ಸೇರಿಸಿ ಕೊಡುತ್ತೇನೆ ಎಂದೂ ಬರೆದೆ. ನೇತ್ರಾವತಿಯವರ ಮಾತನ್ನು ಕೊನೆಯ ಸಾಲಾಗಿ ಸೇರಿಸಿದೆ.

ಪಟ್ಟಿಯ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ನನ್ನ ಕೋಣೆ ಬದಲಿಸಿ ಎಂದೂ ಕೇಳಿದ್ದೆ, ಅದಕ್ಕೆ ಬಂದಿದೆ. ಸೋಮವಾರದಿಂದ ನಾನು ಗ್ರಂಥಾಲಯದ ಎರಡನೆಯ ಮಹಡಿಗೆ ಹೋಗುತ್ತಿದ್ದೇನೆ. ಅಲ್ಲಿಗೆ ಯಾರು ಯಾಕೆ ಬಂದರು ಎಂದು ಯಾರೂ ಕೇಳುವುದಿಲ್ಲ.

ಹಾಸನದ ವಕೀಲೆ
ಪತ್ರದ ಪ್ರತಿಯೊಂದನ್ನು ಮನೆಯಲ್ಲಿಯೂ ಇಟ್ಟುಕೊಳ್ಳಿ.

ಹೆಸರು ಬೇಡ
ಬಾಗಿಲಿಗೆ ಗಾಜು ಇದೆಯೇ?

ತುಂಗೆಯ ದಡ
ಇತ್ತು. ನಿನ್ನೆ ಒಳಗಿನಿಂದ ಪರದೆ ಹಾಕಿಸಿದೆ.